ರೋಗಿಗೆ ಎಷ್ಟು ಕಂಡಿತು ಎಂಬುದೂ ಲೆಕ್ಕಕ್ಕೆ ಬರಲಿ

ಮಾನ್ಯರೇ,

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ವರದಿಗಳು ಎಷ್ಟು ಮಂದಿಗೆ ಚಿಕಿತ್ಸೆಯಾಯಿತು ಎಂಬಲ್ಲಿಗೇ ಹೆಚ್ಚಾಗಿ ನಿಂತುಬಿಡುತ್ತವೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳ ಅಧಿವೇಶನ ಒಪ್ಪಿದ ಜಾಗತಿಕ ಗುರಿ ಇದಕ್ಕಿಂತ ಕಠಿಣವಾದುದು: ದೃಷ್ಟಿ ಚೆನ್ನಾಗಿ ಮರಳಿದವರನ್ನಷ್ಟೇ ಅದು ಯಶಸ್ಸೆಂದು ಎಣಿಸುತ್ತದೆ. ಸರಿಯಾದ ಹೆಜ್ಜೆ. ಆದರೂ ಕಣ್ಣು ಪರೀಕ್ಷೆಯ ಅಕ್ಷರಫಲಕದಲ್ಲಿ 6/12ರ ಸಾಲನ್ನು (ಸಾಮಾನ್ಯ ದೃಷ್ಟಿಯವರು 12 ಮೀಟರ್ ದೂರದಿಂದ ಓದುವುದನ್ನು 6 ಮೀಟರ್ ದೂರದಿಂದ) ಸರಾಗವಾಗಿ ಓದಿದವರು ರಾತ್ರಿ ಎದುರಿನ ವಾಹನದ ಬೆಳಕಿಗೆ ಕಣ್ಣು ಕೋರೈಸಿ ತಡವರಿಸಬಹುದು, ಮಬ್ಬು ಬೆಳಕಿನಲ್ಲಿ ಮೆಟ್ಟಿಲಿನ ಅಂಚು ಕಾಣದೆ ಮುಗ್ಗರಿಸಬಹುದು. ರೋಗಿಯನ್ನೇ ಕೇಳದೆ ಇದು ತಿಳಿಯದು. ಮರುತಪಾಸಣೆಗೆ ಬಾರದವರ ವಿಷಯ ಇನ್ನೂ ಗಂಭೀರ. ಅವರನ್ನು ಕೈಬಿಟ್ಟು ತೆಗೆದ ಸರಾಸರಿಯನ್ನು ನಾನಂತೂ ನಂಬಲಾರೆ. ಹೀಗೆ ಎಷ್ಟು ಜನ ಕೈತಪ್ಪಿದರು ಎಂಬುದನ್ನು ಪ್ರತಿ ಅಧ್ಯಯನವೂ ಫಲಿತಾಂಶದ ಜೊತೆಯಲ್ಲೇ ಪ್ರಕಟಿಸಬೇಕು.

– ಓದುಗರೊಬ್ಬರು