ಬೇತಮಂಗಲ ಒಂದೇ, ಪಟ್ಟಿ ಹತ್ತಾರು: ಕೋಲಾರದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹ್ಯಾಕಥಾನ್ ಅಂದರೆ ಈಗ ಎಲ್ಲರಿಗೂ ಗೊತ್ತು. ಹುಡುಗರು ಲ್ಯಾಪ್‌ಟಾಪ್ ಹಿಡಿದು ರಾತ್ರಿಯೆಲ್ಲ ಕೂರುತ್ತಾರೆ, ಒಂದು ಆ್ಯಪ್ ಮಾಡುತ್ತಾರೆ, ಬಹುಮಾನ ತಗೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಆ ಆ್ಯಪ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಕೇಳುತ್ತಿರುವುದು ಅಂಥದ್ದಲ್ಲ. ನಮ್ಮ ಜಿಲ್ಲೆಯ ಶಾಸನ, ವೀರಗಲ್ಲು, ದೇವಸ್ಥಾನ, ಕೆರೆಗಳ ಪಟ್ಟಿಗಳು ಒಂದೊಂದು ಕಡೆ ಒಂದೊಂದು ಬಿದ್ದಿವೆ. ಅವನ್ನು ಒಂದಕ್ಕೊಂದು ಜೋಡಿಸುವ ಹ್ಯಾಕಥಾನ್ ಬೇಕು.

ಬೇತಮಂಗಲವನ್ನೇ ನೋಡಿ. ಹಳೆಯ ಶಾಸನದಲ್ಲಿ ಅದು ವಿಜಯಾದಿತ್ಯಮಂಗಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಹೊರತಂದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ ಅಲ್ಲಿನ ಶಾಸನ ಹುಡುಕಬೇಕಾದರೆ ಬೌರಿಂಗ್‌ಪೇಟೆ ತಾಲ್ಲೂಕು ತೆಗೆಯಬೇಕು, ಅಂದರೆ ನಮ್ಮ ಬಂಗಾರಪೇಟೆ. ಈಗ ಬೇತಮಂಗಲ ಇರುವುದು ಕೆಜಿಎಫ್ ತಾಲ್ಲೂಕಿನಲ್ಲಿ. ಕೆರೆಯ ಲೆಕ್ಕ ಇನ್ನೊಂದು ಇಲಾಖೆಯದು. ಇಂಗ್ಲಿಷ್‌ನಲ್ಲಿ ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಊರಿನವರಿಗೆ ಇದೆಲ್ಲ ಒಂದೇ ಜಾಗ. ಕಂಪ್ಯೂಟರಿಗೆ ನಾಲ್ಕೈದು ಊರು! ಕೆರೆಗೂ ಶಾಸನಕ್ಕೂ ಏನು ಸಂಬಂಧ ಅಂತ ಹುಡುಕಲು ಕೂತವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಅದೇ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಶಾಸನಗಳೂ ಇವೆ. 2007ರಲ್ಲಿ ಜಿಲ್ಲೆ ಎರಡಾಯಿತು, ಪುಸ್ತಕ ಎರಡಾಗಲಿಲ್ಲ. ಹಾಗಾಗಿ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳನ್ನೂ ಜೊತೆಗೆ ಸೇರಿಸಿಕೊಳ್ಳಿ.

ಕೋಡ್ ಬರೆಯುವವರಷ್ಟೇ ಕೂತರೆ ಇದು ಆಗುವ ಕೆಲಸವಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಹಳಗನ್ನಡ ಓದುವವರು, ಹಳೆಯ ತಮಿಳು ಬಲ್ಲವರು, 'ಆ ಕಲ್ಲು ಈಗ ಇಂಥವರ ಹೊಲದ ಬದುವಿನಲ್ಲಿದೆ' ಅಂತ ಹೇಳಬಲ್ಲ ಊರಿನ ಹಿರಿಯರು, ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕು. ಕನ್ನಡ, ತೆಲುಗು, ತಮಿಳು ಮೂರೂ ಆಡುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅಲ್ವಾ? ಇತಿಹಾಸ ಸಂಶೋಧನೆ ಮಾಡುವ ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಅಕ್ಷರವನ್ನೂ ಪರದೆ ಮೇಲೆ ಓದಲು ಅದರಿಂದ ಸುಲಭ. ಅವರನ್ನೂ ಕರೆಯಿರಿ.

ಎರಡೇ ದಿನಕ್ಕೆ ಮುಗಿಸಬೇಡಿ. ಜರ್ಮನಿಯಲ್ಲಿ 2014ರಲ್ಲಿ ಕೋಡಿಂಗ್ ಡಾ ವಿಂಚಿ ಅಂತ ಒಂದು ಹ್ಯಾಕಥಾನ್ ಶುರುವಾಯಿತು. ಮ್ಯೂಸಿಯಂ, ಗ್ರಂಥಾಲಯಗಳು ತಮ್ಮ ದತ್ತಾಂಶವನ್ನು ಮುಕ್ತವಾಗಿ ಕೊಟ್ಟವು. ತಂಡಗಳು ಮೊದಲು ಒಟ್ಟಿಗೆ ಸೇರಿ, ಆಮೇಲೆ ಹಲವು ವಾರ ಕೆಲಸ ಮಾಡಿದವು. ನಮಗೂ ಆ ಥರವೇ ಸರಿ. ಬಹುಮಾನವನ್ನು ಚೆಂದದ ಆ್ಯಪ್‌ಗೆ ಕೊಡುವ ಬದಲು, ತಪ್ಪಿಲ್ಲದ ಪಟ್ಟಿ ಮಾಡಿದವರಿಗೆ ಕೊಡಿ. ಪ್ರತಿ ಕಲ್ಲಿಗೂ ಒಂದು ಖಾಯಂ ನಂಬರ್, ಅದರ ಎದುರಿಗೆ ರೈಸ್ ಕೊಟ್ಟ ನಂಬರ್, ಈಗಿನ ಗ್ರಾಮ, ಒಂದು ಫೋಟೋ. ಇಷ್ಟೇ. ನೋಡುವುದಕ್ಕೆ ಬೋರಿಂಗ್ ಕೆಲಸ. ಆದರೆ ಮುಂದೆ ಸಂಶೋಧನೆ ಮಾಡುವವರೆಲ್ಲ ನಿಲ್ಲುವುದು ಇದರ ಮೇಲೆಯೇ.

ಇನ್ನು ನಿಮ್ಮ ಕಚೇರಿಯಿಂದ ಆಗಬೇಕಾದ್ದು. ಮುಜರಾಯಿ ದೇವಸ್ಥಾನ, ಕೆರೆ, ಗ್ರಾಮಗಳ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಕೊಡಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ದಯವಿಟ್ಟು ಬೇಡ. ಕನ್ನಡ ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಕಾಪಿ ಮಾಡಿದರೆ ಊರಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯಾರು ಬೇಕಾದರೂ ಬಳಸಬಹುದು ಅಂತ ಒಂದು ಸಾಲು ಲಿಖಿತವಾಗಿ ಇರಲಿ.

ಒಂದನ್ನು ಮಾತ್ರ ಮುಕ್ತವಾಗಿ ಇಡಬೇಡಿ. ಕಾವಲಿಲ್ಲದ ಗುಡಿ, ವಿಗ್ರಹಗಳ ಜಿಪಿಎಸ್ ಗುರುತು. ನಿಧಿಗಳ್ಳರಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತದೆ. ಸಾರ್ವಜನಿಕರಿಗೆ ಗ್ರಾಮದ ಹೆಸರು ಸಾಕು, ನಿಖರ ಜಾಗ ಇಲಾಖೆಯ ಬಳಿ ಇರಲಿ.

ಹ್ಯಾಕಥಾನ್ ಮುಗಿದ ಮೇಲೆ ಪಟ್ಟಿಯನ್ನು ನೋಡಿಕೊಳ್ಳುವವರು ಯಾರು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಒಬ್ಬ ಅಧಿಕಾರಿಗೆ ಈ ಹೊಣೆ ವಹಿಸಿ, ಅವರು ವರ್ಗವಾದರೆ ಮುಂದೆ ಬರುವವರಿಗೆ ಹೋಗಲಿ. ಆ ಆದೇಶ ಹೊರಟ ದಿನವೇ ಎರಡು ಜಿಲ್ಲೆಗಳ ಕಾಲೇಜುಗಳಿಗೆ ಆಹ್ವಾನ ಕಳಿಸಬಹುದು.

ಇಂತಿ,
ಕೋಲಾರದ ಒಬ್ಬ ನಿವಾಸಿ