ಸಿಲಿಂಡರ್ ಮ್ಯಾಲಿನ ತಾರೀಖು ನೋಡವ್ವಾ

ಕಲಬುರಗಿ
ಐತವಾರ

ಅವ್ವೀ,

ಶೂಟಿಂಗ್ ಮ್ಯಾಚಿಗಿ ಯಾವ ಏರ್ ಪಿಸ್ತೂಲ್ ತಗೋಬೇಕಂತ ಕೇಳಿದ್ದಿ, ನೀ ಕಳಿಸಿದ ಎರಡೂ ಪಿಸ್ತೂಲಿನ ಫೋಟೋ ನೋಡಿದೆ. "ಹುಡುಗಿಗಿ ಇದೇನ್ ಹುಚ್ಚು" ಅಂದ್ಳು ನಿಮ್ಮವ್ವ. ಶರಣಬಸವೇಶ್ವರ ಜಾತ್ರ್ಯಾಗ ಬಲೂನ್ ಹೊಡಿಯೋ ಅಂಗಡಿ ಮುಂದ ನೀ ಹಟ ಹಿಡಿದದ್ದು ಆಕಿ ಮರ್ತಾಳ. ಆ ಬಂದೂಕಿನ ನಳಿಗಿ ಬಲಕ್ಕ ಎಳೀತಿತ್ತು. ಎರಡು ಗುಂಡು ಹುಸಿ ಹೋದ ಮ್ಯಾಲ ನೀ ಎಡಕ್ಕ ಗುರಿ ಹಿಡಿದು ಮೂರು ಬಲೂನ್ ಒಡದಿ. ಅಂಗಡಿಯವ ಬಂದೂಕ ಕಸ್ಕೊಂಡ!

ನೀ ರಿವಾಲ್ವರ್ ತಗೊಳ್ಳೋ ಮಾತು ಬಿಟ್ಟದ್ದು ಛಲೋ ಆತು. ನಿಮ್ಮ ಮಾವ ಎಲೆಕ್ಷನ್ ಬಂದಾಗೊಮ್ಮೆ ತನ್ನದನ್ನ ಠಾಣಾಕ್ಕ ಒಪ್ಪಿಸಿ ಬರ್ತಾನ. ಮಾರಬೇಕಂದ್ರ ತಗೊಳ್ಳವನ ಹತ್ರನೂ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿ ಆದ ಮ್ಯಾಲ ಸಾಮಾನ್ಯ ಮಂದಿಗಿ ತಲಿಗಿ ಎರಡೇ ಬಂದೂಕು-ರಿವಾಲ್ವರ್. ಗಿರಾಕಿ ಎಲ್ಲಿ ಸಿಗಬೇಕು? 4.5 ಮಿ.ಮೀ. ಏರ್ ಪಿಸ್ತೂಲಿಗಿ, ಕಸುವು 20 ಜೌಲ್ ಒಳಗಿದ್ರ, ಆ ತಾಪತ್ರಯ ಇಲ್ಲ.

ಎರಡರಾಗ ಹೊಸಾ ಸ್ಪ್ರಿಂಗ್ ಪಿಸ್ತೂಲು ಸೋವಿ ಅದ ಖರೆ. ಆದ್ರ ಗುಂಡು ನಳಿಗಿ ದಾಟೋದ್ರೊಳಗ ಪಿಸ್ಟನ್ ಬಡದು ಕೈ ಅಲುಗತದ. ಒತ್ತಿ ತುಂಬಿದ ಗಾಳಿ ಸಿಲಿಂಡರಿಂದು ಹಂಗಲ್ಲ. ಸಿಲಿಂಡರ್ ಇರೋ ಆ ಹಳೇ ಜರ್ಮನ್ ಪಿಸ್ತೂಲೇ ನನ್ನ ಮನಸಿಗಿ ಬಂದದ.

ರೊಕ್ಕ ಕೊಡೋಕಿಂತ ಮೊದಲ ಸಿಲಿಂಡರ್ ಮ್ಯಾಲ ಒತ್ತಿದ ತಾರೀಖು ಓದು. 10 ವರ್ಷ ದಾಟಿದ್ರ ಮ್ಯಾಚಿನಾಗ ನಡೆಯಂಗಿಲ್ಲ. ಹೊಸ ಸಿಲಿಂಡರಿನ ಖರ್ಚು ಬೆಲ್ಯಾಗ ಕಳೀಲಿ. ಗಾಳಿ ತುಂಬಿಸಿ ಮೀಟರಿನ ಮುಳ್ಳು ಎಲ್ಲಿ ಅದ ಅಂತ ಬರಕೊ, ಮರುದಿನ ಮತ್ತ ನೋಡು. ಇಳಿದಿದ್ರ ಎಲ್ಲೋ ಸೋರ್ತದ.

ಹೊಲಿಗಿ ಮಷೀನ್ ಮಾರಲಾಕ ಯಾರರ ತಂದ್ರ ನಾ ಬಣ್ಣ ನೋಡಂಗಿಲ್ಲ. ಸ್ಕ್ರೂ ತಲಿ ನೋಡ್ತೀನಿ. ಅದರ ಸೀಳು ಸವದು ಹೋಗಿದ್ರ ಕೆಲಸ ಗೊತ್ತಿಲ್ಲದವರ ಕೈಗಿ ಬಿದ್ದದ ಅಂತ ತಿಳ್ಕೊ. (ಒಮ್ಮೆ ಹೊಳಪಿಗಿ ಮರುಳಾಗಿ ಒಂದು ತಗೊಂಡಿದ್ದೆ, ಈಗೂ ಅಟ್ಟದ ಮ್ಯಾಲ ಅದ.) ಪಿಸ್ತೂಲಿನ ಸ್ಕ್ರೂನೂ ಹಂಗೇ ನೋಡು, ಕಟ್ಟಿಗಿ ಹಿಡಿಕಿನೂ ನೋಡು. ಶೂಟರ್ ಮಂದಿ ತಮ್ಮ ಅಂಗೈಗಿ ಹೊಂದಂಗ ಅದನ್ನ ಕಾನಸಲೇ ತಿಕ್ತಾರ, ಪುಟ್ಟಿ ಮೆತ್ತತಾರ. ಇನ್ನೊಬ್ಬರ ಅಂಗೈ ಅದು, ನಿನಗ ಕೂಡಂಗಿಲ್ಲ. ನೀ ತಿಕ್ಕಬೇಕಂದ್ರ ಬ್ಯಾರೆ ಹಿಡಿಕಿ ಹಾಕ್ಸಿಕೊ. ಮೂಲದ್ದು ಡಬ್ಬ್ಯಾಗೇ ಇರ್ಲಿ, ಮಾರೋ ದಿನ ಹಚ್ಚಿ ಕೊಡಬಹುದು.

ಬಿಡಿಭಾಗ ಇಲ್ಲಿ ಸಿಗ್ತಾವೇನು ಕೇಳು. ಟೋಕಿಯೋ ಒಲಿಂಪಿಕ್ಸಿನಾಗ ನಮ್ಮ ಶೂಟರ್ ಮನು ಭಾಕರ್ ಪಿಸ್ತೂಲು ಮ್ಯಾಚಿನ ನಡುವೇ ಕೆಟ್ಟು ಫೈನಲ್ ತಪ್ಪಿತ್ತು. ಪ್ಯಾರಿಸ್‌ನ ಎರಡು ಕಂಚಿಗಿ 2024ರ ತನಕ ಕಾಯಬೇಕಾತು. ಬಿಲ್ಲು, ಆಮದು ಕಾಗದ ಇಲ್ಲಂದ್ರ ಮಾತೇ ಬ್ಯಾಡ, ಎದ್ದು ಬಾ.

ಗುಂಡು ಸೀಸದ್ದು, ಕೈ ತೊಳಕೊಂಡೇ ಊಟಕ್ಕ ಕೂಡು. ಶೇಂಗಾ ಹೋಳಿಗಿ ಕಳಿಸ್ಯಾಳ ನಿಮ್ಮವ್ವ.

ತಾರೀಖಿನ ಫೋಟೋ ಕಳಿಸು, ರೊಕ್ಕ ಹಾಕ್ತೀನಿ.

ನಿಮ್ಮಪ್ಪ