ಅಪ್ಪಾಜಿಯ ಮಾತ್ರೆ ಮತ್ತು ಮೇಜಿನ ಮೇಲಿನ ಡಬ್ಬಿಗಳು

ದಾವಣಗೆರೆ

ಚಿ. ಮಂಜುನಾಥನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಪ್ಪಾಜಿಯ ನಡುಕದ ಕಾಯಿಲೆಗೆ, ಅಂದರೆ ಪಾರ್ಕಿನ್ಸನ್‌ಗೆ, ಅಂತ ನೀನು ತಂದಿಟ್ಟ ಡಬ್ಬಿಗಳ ಫೋಟೋ ನೋಡಿದೆ. ಕೋಎನ್‌ಜೈಮ್ ಕ್ಯೂ10, ಕ್ರಿಯಾಟಿನ್, ವಿಟಮಿನ್ ಇ, ಪಕ್ಕದಲ್ಲಿ ನಸುಗುನ್ನಿ ಪುಡಿ. "ಮೈಟೋಕಾಂಡ್ರಿಯಾ ಕೆಟ್ಟು ಪಾರ್ಕಿನ್ಸನ್ ಬರುತ್ತಂತೆ, ಹಾಗಿದ್ರೆ ಅದಕ್ಕೆ ಶಕ್ತಿ ಕೊಟ್ಟರಾಯ್ತಲ್ಲ ದೊಡ್ಡಮ್ಮ" ಅಂತ ಬರೆದಿದ್ದೀಯ. ಮೈಟೋಕಾಂಡ್ರಿಯಾ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳು. ನಿನ್ನ ಮೊದಲ ಮಾತಿನಲ್ಲಿ ಬಹಳ ಸತ್ಯ ಇದೆ. ಎರಡನೆಯದನ್ನು ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿ ಆಗಿದೆ, ಬಂದ ಉತ್ತರ ನಾವು ಬಯಸಿದ್ದಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದು.

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹರೆಯದವರು ಕದ್ದುಮುಚ್ಚಿ ತಯಾರಾದ ಮಾದಕ ವಸ್ತು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಕೈಕಾಲು ಮರಗಟ್ಟಿ ಅಲುಗಾಡದಂತಾದರು. ನೋಡಿದರೆ ಥೇಟ್ ಮುಂದುವರಿದ ಪಾರ್ಕಿನ್ಸನ್. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಹುಡುಕಿದಾಗ ಆ ಪುಡಿಯಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸಿಕ್ಕಿತು. ಅದು ಮಿದುಳಿಗೆ ಹೋಗಿ ಎಂಪಿಪಿ ಪ್ಲಸ್ ಆಗಿ ಬದಲಾಗುತ್ತದೆ. ಮೈಯ ಚಲನೆಯನ್ನು ಹಿಡಿತದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಅದನ್ನು ಡೋಪಮೈನ್ ಅಂತಲೇ ತಿಳಿದು ಒಳಕ್ಕೆ ಎಳೆದುಕೊಳ್ಳುತ್ತವೆ. ಒಳಗೆ ಹೋದದ್ದು ಮೈಟೋಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಉಸಿರಾಟ ಸರಪಳಿಯ ಮೊದಲನೇ ಕೊಂಡಿಯನ್ನು, ಅಂದರೆ ಕಾಂಪ್ಲೆಕ್ಸ್-1 ಅನ್ನು, ಕಟ್ಟಿಹಾಕುತ್ತದೆ. 1989ರಲ್ಲಿ ಇಂಥ ಯಾವ ವಿಷವನ್ನೂ ಮುಟ್ಟದ ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಅದೇ ಕೊಂಡಿ ಸೊರಗಿರುವುದು ಕಂಡುಬಂತು.

ಹೊಗೆ ಕಿಂಡಿ ಕಟ್ಟಿದ ಸೌದೆ ಒಲೆ ಹೇಗೆ? ಬೆಂಕಿ ಕಡಿಮೆ, ಹೊಗೆ ಜಾಸ್ತಿ. ಕಾಂಪ್ಲೆಕ್ಸ್-1 ಕೆಟ್ಟಾಗಲೂ ಹಾಗೇ. ಎಟಿಪಿ ಎಂಬ ಇಂಧನ ಕಡಿಮೆ ಬರುತ್ತದೆ, ಸುಡುವ ಆಮ್ಲಜನಕದ ಕಣಗಳು ಜಾಸ್ತಿ ಹೊರಬೀಳುತ್ತವೆ. ಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಜಾಗದ ಡೋಪಮೈನ್ ಜೀವಕೋಶಗಳಿಗೆ ಇದು ಬೇಗ ತಟ್ಟುತ್ತದೆ, ಯಾಕಂದರೆ ಒಂದೊಂದಕ್ಕೂ ಲಕ್ಷಾಂತರ ಕವಲಿನ ತುದಿಗಳಿಗೆ ಶಕ್ತಿ ಹಂಚುವ ಕೆಲಸ, ಅದೂ ಹಗಲು ರಾತ್ರಿ ಬಿಡುವಿಲ್ಲದೆ. ಕೆಟ್ಟ ಮೈಟೋಕಾಂಡ್ರಿಯಾವನ್ನು ಗುರುತಿಸಿ ಕಸಕ್ಕೆ ಹಾಕಲು ಪಿಂಕ್1 ಮತ್ತು ಪಾರ್ಕಿನ್ ಎಂಬ ಎರಡು ಪ್ರೋಟೀನು ಜೊತೆಗೂಡಿ ದುಡಿಯುತ್ತವೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಇವುಗಳ ಕೆಟ್ಟ ಜೀನ್ ಬಂದರೆ 40 ವರ್ಷದೊಳಗೇ ರೋಗ ಕಾಣಿಸಿಕೊಳ್ಳಬಹುದು. ನಮ್ಮ ಕಡೆ ಸೋದರಿಕೆಯಲ್ಲಿ ಮದುವೆ ಹೆಚ್ಚು, ಆದ್ದರಿಂದ ಚಿಕ್ಕ ವಯಸ್ಸಿನಲ್ಲಿ ನಡುಕ ಬಂದವರ ಮನೆಯಲ್ಲಿ ಇದನ್ನು ಕೇಳಲೇಬೇಕು. ನಿಮ್ಮ ಅಪ್ಪಾಜಿಗೆ ಶುರುವಾದದ್ದು 64ಕ್ಕೆ. ನಿನಗೂ ಬರುತ್ತದೆ ಅಂತ ರಾತ್ರಿ ನಿದ್ದೆಗೆಡಬೇಡ.

ಈಗ ಡಬ್ಬಿಗಳ ವಿಷಯ. ಕ್ಯೂ10 ಅದೇ ಉಸಿರಾಟ ಸರಪಳಿಯಲ್ಲಿ ಎಲೆಕ್ಟ್ರಾನು ಸಾಗಿಸುವ ವಸ್ತು. ಅದಕ್ಕೇ ಎಲ್ಲರಿಗೂ ಆಸೆ ಹುಟ್ಟಿತು. 2002ರಲ್ಲಿ 80 ರೋಗಿಗಳ ಸಣ್ಣ ಪರೀಕ್ಷೆಯಲ್ಲಿ ದಿನಕ್ಕೆ 1200 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ರೋಗ ನಿಧಾನವಾಗಿ ಹೆಚ್ಚಿದಂತೆ ಕಂಡಿತು. ಆಮೇಲೆ 600 ಜನರಿಗೆ, ಕೆಲವರಿಗೆ 1200, ಕೆಲವರಿಗೆ 2400, ಇನ್ನು ಕೆಲವರಿಗೆ ಬರೀ ತೋರಿಕೆಯ ಮಾತ್ರೆ ಕೊಟ್ಟು ನೋಡಿದರು. ಲಾಭ ಬರುವ ಲಕ್ಷಣವೇ ಇಲ್ಲ ಅಂತ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು, ಫಲಿತಾಂಶ 2014ರಲ್ಲಿ ಅಚ್ಚಾಯಿತು. ನಿನ್ನ ಡಬ್ಬಿಯ ಹಿಂದೆ ನೋಡು, ಒಂದು ಗುಳಿಗೆಗೆ 100 ಮಿಲಿಗ್ರಾಂ. ಪರೀಕ್ಷೆಯಲ್ಲಿ ಕೊಟ್ಟಷ್ಟು ಕೊಡಬೇಕಾದರೆ ದಿನಕ್ಕೆ 12 ಗುಳಿಗೆ. ಅಷ್ಟು ನುಂಗಿದವರಿಗೇ ಆಗದ ಉಪಕಾರ ಒಂದು ಗುಳಿಗೆಯಿಂದ ಎಲ್ಲಿ ಬರಬೇಕು? ಅಪ್ಪಾಜಿ ಹೃದಯಕ್ಕೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದರಂತೂ ಕ್ಯೂ10 ಬೇಡವೇ ಬೇಡ, ವಾರ್ಫರಿನ್ನಿನ ಬಲವನ್ನು ಅದು ತಗ್ಗಿಸಬಹುದು.

ಕ್ರಿಯಾಟಿನ್ ದಿನಕ್ಕೆ 10 ಗ್ರಾಂನಂತೆ 1741 ಜನರ ದೊಡ್ಡ ಪರೀಕ್ಷೆಯೂ ಹಾಗೇ ಕೈಬಿಟ್ಟುಹೋಯಿತು. ವಿಟಮಿನ್ ಇ 2000 ಯೂನಿಟ್, 800 ರೋಗಿಗಳು, 1993ರ ಫಲಿತಾಂಶ: ಉಪಯೋಗ ಇಲ್ಲ. ಮೈಟೋಕಾಂಡ್ರಿಯಾದ ಒಳಕ್ಕೇ ಹೋಗುವಂತೆ ತಯಾರಿಸಿದ ಮೈಟೋಕ್ಯೂ ಕೂಡ 2010ರಲ್ಲಿ ಸೋತಿತು.

ಯಾಕೆ ಹೀಗೆ ಅಂತ ನೀನು ಕೇಳಿಯೇ ಕೇಳುತ್ತೀಯ. ಕೈ ನಡುಗಲು ಶುರುವಾಗುವ ಹೊತ್ತಿಗೆ ಆ ಜಾಗದ ಜೀವಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ನುಂಗಿದ್ದರಲ್ಲಿ ಎಷ್ಟು ಮಿದುಳಿನ ಆ ಮೂಲೆಗೆ ಮುಟ್ಟುತ್ತದೆ ಎಂಬುದೂ ಅನುಮಾನ. ಮೇಲಾಗಿ ಕೆಡುಕು ಒಂದೇ ಬಾಗಿಲಿನಿಂದ ಬಂದದ್ದಲ್ಲ. ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಟ್ಟಿ ಮೈಟೋಕಾಂಡ್ರಿಯಾವನ್ನು ಕೆಡಿಸುತ್ತದೆ, ಕೆಟ್ಟ ಮೈಟೋಕಾಂಡ್ರಿಯಾ ಆ ಗಂಟನ್ನು ಹೆಚ್ಚಿಸುತ್ತದೆ. ಕಾರಣ ಗೊತ್ತಾಯಿತು ಅಂದಮಾತ್ರಕ್ಕೆ ಮದ್ದು ಸಿಕ್ಕಿತು ಅಂತ ಅಲ್ಲಪ್ಪ.

ನಸುಗುನ್ನಿ ಬೇರೆ ವಿಷಯ, ನನಗೆ ನಿಜವಾದ ಭಯ ಇರುವುದು ಅದರದ್ದೇ. ಅದು ಸುಳ್ಳು ಮದ್ದಲ್ಲ. ಆ ಬೀಜದಲ್ಲಿ ಮಿದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪಾ ಇದೆ, ಅಪ್ಪಾಜಿಯ ಮಾತ್ರೆಯಲ್ಲಿರುವುದೂ ಅದೇ. ಮಾತ್ರೆಯಲ್ಲಿ 100 ಮಿಲಿಗ್ರಾಂ ಅಂದರೆ 100. ಪುಡಿಯ ಒಂದು ಚಮಚದಲ್ಲಿ ಎಷ್ಟಿದೆ, ನಾಳೆ ತರುವ ಪೊಟ್ಟಣದಲ್ಲಿ ಎಷ್ಟಿರುತ್ತದೆ, ಯಾರಿಗೆ ಗೊತ್ತು? ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ವಾಕರಿಕೆ, ಎದ್ದು ನಿಂತಾಗ ಬಿಪಿ ಕುಸಿದು ಬೀಳುವುದು, ಮೈ ತಾನೇ ತಾನಾಗಿ ತಿರುಚಿಕೊಳ್ಳುವುದು, ಇಲ್ಲದವರು ಕಣ್ಣಿಗೆ ಕಾಣುವುದು, ಎಲ್ಲ ಬರಬಹುದು. ಈಗಾಗಲೇ ಕೊಡುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡ, ಎಷ್ಟು ಚಮಚ ಅಂತ ಹೇಳು. ಪುಡಿ ನಂಬಿ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದೂ ಬೇಡ. ಹಾಗೆ ನಿಲ್ಲಿಸಿದರೆ ಜೋರು ಜ್ವರ, ಮೈ ಸೆಟೆತ ಬಂದು ಪ್ರಾಣಕ್ಕೇ ಕುತ್ತಾದೀತು.

ಕೊಡಬೇಕಾದ್ದು ಏನು ಅಂದರೆ, ಮೊದಲು ರಕ್ತದಲ್ಲಿ ಬಿ12 ಮತ್ತು ವಿಟಮಿನ್ ಡಿ ನೋಡಿಸು. ಸಸ್ಯಾಹಾರಿಗಳು, ಮೇಲಾಗಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬೇರೆ, ಬಿ12 ಇಳಿದಿರುವ ಸಂಭವ ಇದೆ. ಇಳಿದರೆ ಕಾಲು ಜೋಮು, ತೂರಾಟ, ಮರೆವು ಬರುತ್ತವೆ, ಅದನ್ನೂ ಪಾರ್ಕಿನ್ಸನ್ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಕಡಿಮೆ ಇದ್ದರೆ ತುಂಬಿಸಿಕೊಳ್ಳಲಿ, ಇಲ್ಲದಿದ್ದರೆ ಬೇಡ. ದಿನಾ 100 ಮಿಲಿಗ್ರಾಂ ಬಿ6 ಇರುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಅದೇ ನರಕ್ಕೆ ಕೆಡುಕು ಮಾಡಬಹುದು.

ಇನ್ನು ಮಾತ್ರೆಯ ಹೊತ್ತು. ಬೆಳಿಗ್ಗೆ ಮಾತ್ರೆಯನ್ನು ಹಾಲಿನ ಲೋಟದ ಜೊತೆ ಕೊಡುತ್ತೀರಿ, ಮಧ್ಯಾಹ್ನದ್ದು ಮುದ್ದೆ, ಹುಳಿ, ಮೊಸರು ಮುಗಿದ ಮೇಲೆ ಅಂತ ಬರೆದಿದ್ದೀಯ. "ಮಾತ್ರೆ ಕೆಲವೊಮ್ಮೆ ಹಿಡಿಯುತ್ತೆ, ಕೆಲವೊಮ್ಮೆ ಇಲ್ಲ" ಅನ್ನುವುದಕ್ಕೆ ಕಾರಣ ಬಹುಶಃ ಇಲ್ಲೇ ಇದೆ. ಹಾಲು, ಬೇಳೆ, ಮೊಸರಿನ ಪ್ರೋಟೀನು ಕರಗಿ ಬರುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಒಂದೇ ಬಾಗಿಲಲ್ಲಿ ನುಗ್ಗಬೇಕು. ಆ ನೂಕುನುಗ್ಗಲಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಒಂದು ದೊಡ್ಡ ಲೋಟ ನೀರಿನಲ್ಲಿ ಕೊಡು. ಹೊಟ್ಟೆ ತೊಳಸಿದರೆ ಒಂದು ಹಿಡಿ ಮಂಡಕ್ಕಿ ಸಾಕು, ಕಡ್ಲೆ ಬೆರೆಸದೆ. ಆದರೂ ಹಿಡಿತ ಸಾಲದಿದ್ದರೆ ಹಗಲಿನ ಬೇಳೆ ಮೊಸರನ್ನು ರಾತ್ರಿ ಊಟಕ್ಕೆ ಸರಿಸು, ಪೂರ್ತಿ ಬಿಡಿಸಬೇಡ, ಮೈ ಇಳಿದುಹೋಗುತ್ತದೆ. ಕಬ್ಬಿಣಾಂಶದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇರಲಿ. ಮಲಬದ್ಧತೆಯನ್ನೂ ಅಸಡ್ಡೆ ಮಾಡಬೇಡ, ಹೊಟ್ಟೆ ಕಟ್ಟಿದ ದಿನ ಮಾತ್ರೆ ಕರುಳಿಗೆ ಇಳಿಯುವುದೂ ತಡ.

ವಾಂತಿ ಅಥವಾ ತಲೆಸುತ್ತು ಅಂತ ಹತ್ತಿರದ ಮೆಡಿಕಲ್ ಅಂಗಡಿಗೆ ಹೋದರೆ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಸಿನ್ನಾರಿಜಿನ್ ಕೊಟ್ಟುಬಿಡುತ್ತಾರೆ. ಮೂರೂ ಡೋಪಮೈನಿಗೆ ಅಡ್ಡಗಾಲು, ನಡುಕ ಸೆಟೆತ ಹೆಚ್ಚಿಸುತ್ತವೆ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅಪ್ಪಾಜಿಯ ಕಿಸೆಯಲ್ಲಿಡು.

ಡಬ್ಬಿಗೆ ಹಾಕುವ ದುಡ್ಡನ್ನು ಫಿಸಿಯೋಥೆರಪಿಗೆ, ಒಂದು ಜೊತೆ ಒಳ್ಳೆ ಬೂಟಿಗೆ ಹಾಕು. 2018ರಲ್ಲಿ ಬಂದ 128 ರೋಗಿಗಳ ಪರೀಕ್ಷೆಯಲ್ಲಿ ವಾರಕ್ಕೆ ಸುಮಾರು ಮೂರು ಸಲ ಟ್ರೆಡ್‌ಮಿಲ್ ಮೇಲೆ ಗರಿಷ್ಠ ಎದೆಬಡಿತದ 80ರಿಂದ 85 ಶೇಕಡಾ ಏರುವಷ್ಟು ಜೋರಾಗಿ ನಡೆದವರ ರೋಗ ಆರು ತಿಂಗಳಲ್ಲಿ ಹೆಚ್ಚೇನೂ ಏರಲಿಲ್ಲ. ಇನ್ನೂ ದೊಡ್ಡ ಪರೀಕ್ಷೆ ಬೇಕು, ಆದರೂ ಯಾವ ಡಬ್ಬಿಗಿಂತಲೂ ಇದರ ಮೇಲೆ ನನಗೆ ಭರವಸೆ. ಮೊದಲು ಇಸಿಜಿ ಮಾಡಿಸು. ದುರ್ಗದ ಕೋಟೆಯ ಮೆಟ್ಟಿಲು ಬೇಡ, ಸಮತಟ್ಟಾದ ರಸ್ತೆ, ಜೊತೆಗೊಬ್ಬರು, ಮಾತ್ರೆ ಹಿಡಿದ ಹೊತ್ತು. ಎರಡು ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ.

ಹೊಳಲ್ಕೆರೆ ತೋಟದ ಮಾತೂ ಒಂದಿದೆ. ಅಡಿಕೆ ಸಾಲಿನ ಕಳೆಗೆ ಪ್ಯಾರಾಕ್ವಾಟ್ ಹೊಡೆಯುವುದನ್ನು ಬಿಡಿ. ಅಮೆರಿಕದಲ್ಲಿ 2011ರಲ್ಲಿ ಬಂದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ರೊಟೆನೋನ್ ಕಟ್ಟುವುದು ಅದೇ ಕಾಂಪ್ಲೆಕ್ಸ್-1 ಅನ್ನು, ಪ್ಯಾರಾಕ್ವಾಟ್ ಆ ಸುಡುವ ಕಣಗಳನ್ನು ಎಬ್ಬಿಸುತ್ತದೆ. ಅಪ್ಪಾಜಿಗೆ ಬಂದದ್ದು ಇದರಿಂದಲೇ ಅಂತ ಹೇಳಲಾಗದು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಗೈ ಬರಿಗಾಲಲ್ಲಿ ಹೊಡೆಯುವ ಆಳುಗಳೂ ಯಾರದೋ ಅಪ್ಪಂದಿರೇ. ಕಳೆ ಕೊಚ್ಚುವ ಮೆಷಿನ್ ತರಿಸು.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವ ಮೊದಲು ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಕೈಕಾಲು ಹಗುರಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ. ಆ ನಾಲ್ಕು ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗು, ಲೇಬಲ್ ಅವರೇ ನೋಡಲಿ. ಅಮ್ಮನಿಗೆ ಬೆಳಗಿನ ಹಾಲಿನ ವಿಷಯ ಇವತ್ತೇ ಹೇಳು.

ಇಂತಿ ನಿನ್ನ
ದೊಡ್ಡಮ್ಮ